ಮುಳ್ಳು ನಿಲ್ಲುವ ತನಕ

ತಕ್ಕಡಿ ಕಂಡರೆ ನಾನು ಉಸಿರು ಬಿಗಿಹಿಡಿಯುತ್ತೇನೆ. ಕೂಕಟ್‌ಪಲ್ಲಿಯ ತರಕಾರಿ ಬಜಾರಿನಲ್ಲಿ ಬೆಂಡೆಕಾಯಿ ತೂಗುತ್ತಿದ್ದರೂ ಅಷ್ಟೇ, ರದ್ದಿಯವನು ಹಳೆಯ ಪತ್ರಿಕೆಗಳ ಕಟ್ಟನ್ನು ಕೊಕ್ಕೆಗೆ ನೇತುಹಾಕಿದರೂ ಅಷ್ಟೇ. ಬೆಂಡೆಕಾಯಿ ಮಾರುವಾಕೆ ಇದಕ್ಕೆ ಬೇರೆಯೇ ಅರ್ಥ ಹಚ್ಚಿದ್ದಾಳೆ. ನಾನು ಕಣ್ಣು ಕೀಲಿಸಿ, ತುಟಿ ಬಿಗಿದು ನಿಲ್ಲುವುದನ್ನು ಕಂಡು, ತೂಕದಲ್ಲಿ ಮೋಸ ಇಲ್ಲಮ್ಮಾ ಎಂದು ತೆಲುಗಿನಲ್ಲಿ ಗೊಣಗುತ್ತ ಇನ್ನೆರಡು ಕಾಯಿ ಎಸೆಯುತ್ತಾಳೆ. ಬೇಡವೆನ್ನಲು ಬಾಯಿ ತೆರೆಯಬೇಕು, ತೆರೆದರೆ ಉಸಿರು ಹೊರಬೀಳುತ್ತದೆ. ಹೀಗಾಗಿ ನಮ್ಮ ಮನೆಗೆ ಪ್ರತಿವಾರ ಎರಡು ಬೆಂಡೆಕಾಯಿ ಹೆಚ್ಚೇ ಬರುತ್ತವೆ.

ಇದು ನೌಕರಿ ಅಂಟಿಸಿದ ಚಟ. ಇಲ್ಲಿಯ ಒಂದು ರಕ್ಷಣಾ ಕಾರ್ಖಾನೆಯಲ್ಲಿ ನಾನು ಬಂದೂಕಿನ ತೋಟಾಗಳಿಗೆ ತುಂಬುವ ಸಿಡಿಮದ್ದಿನ ಪೌಡರ್ ತೂಗುವ ಕೆಲಸದಲ್ಲಿದ್ದೆ. ಪರೀಕ್ಷೆಗೆಂದು ಸಿಡಿಸುವ ತೋಟಾಗಳು ಅವು. ಒಂದೊಂದನ್ನೂ ಕೈಯಿಂದಲೇ ತೂಗಿ ತುಂಬಬೇಕಿತ್ತು. ಒಳಗೆ ಹೋಗುವ ಮುನ್ನ ಹೇರ್‌ಪಿನ್ನು, ಬಳೆ, ಕಾಲುಂಗುರ, ತಾಳಿ ಎಲ್ಲವನ್ನೂ ಬಿಚ್ಚಿ ಲಾಕರಿನಲ್ಲಿಡಬೇಕು. ಲೋಹ ತಾಕಿ ಕಿಡಿ ಹಾರಬಾರದು ನೋಡಿ. ಸೀರೆ ಹತ್ತಿಯದೇ ಆಗಬೇಕು, ಮೈಯಲ್ಲಿನ ವಿದ್ಯುತ್ತು ಇಳಿಯಲೆಂದು ಬಾಗಿಲಲ್ಲಿನ ತಾಮ್ರದ ಪಟ್ಟಿಯನ್ನು ಮುಟ್ಟಿಯೇ ಒಳಗೆ ಕಾಲಿಡಬೇಕು. ಗದಗಿನಿಂದ ಬಂದಿದ್ದ ನನ್ನ ಅತ್ತೆ, "ಕೊಳ್ಳಾಗ ತಾಳಿ ಇಲ್ಲದ ಮಾಡೂದು ಇದೆಂಥಾ ನೌಕರಿನಽ ಯವ್ವಾ!" ಎಂದು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ತಾವೇ ದಾರಕ್ಕೆ ಅರಿಷಿಣ ಹಚ್ಚಿ, ಅರಿಷಿಣದ ಕೊಂಬು ಕಟ್ಟಿ ನನ್ನ ಕೊರಳಿಗೆ ಹಾಕಿದರು. ಅದನ್ನು ಕಟ್ಟಿಕೊಂಡೇ ನಾನು ನಿವೃತ್ತಿಯವರೆಗೂ ದೇಶಸೇವೆ ಮಾಡಿದೆ. ಆ ಅರಿಷಿಣದಿಂದಾಗಿ ತೂಗುವ ಕೋಣೆಯಲ್ಲಿ ಮಾತ್ರ ಸದಾ ಅಡುಗೆಮನೆಯ ವಾಸನೆ.

ನಮ್ಮ ತೂಕದ ಲೆಕ್ಕ ಗ್ರೇನ್‌ನಲ್ಲಿ. ಬಹಳ ಹಿಂದೆ ಯಾವುದೋ ದೇಶದವರು ಒಂದು ಧಾನ್ಯದ ಕಾಳನ್ನು ಅಳತೆಯಾಗಿ ಹಿಡಿದರಂತೆ, ಆ ಹೆಸರೇ ಉಳಿದುಕೊಂಡಿತು. ನಮ್ಮ ಅಕ್ಕಸಾಲಿಗರು ಗುಲಗಂಜಿ ಹಿಡಿದಿದ್ದರು. ಒಂದು ಗುಲಗಂಜಿ ಎಂದರೆ ಹೆಚ್ಚುಕಡಿಮೆ ಎರಡು ಗ್ರೇನ್. ಬಂಗಾರವಾಗಲಿ ಬಂದೂಕಾಗಲಿ, ಮನುಷ್ಯ ಬೆಲೆಬಾಳುವುದನ್ನು ತೂಗುವಾಗ ಕೊನೆಗೆ ಒಂದು ಬೀಜವನ್ನೇ ನಂಬಿದ್ದಾನೆ ಎಂಬುದು ನನಗೆ ಈಗಲೂ ಸೋಜಿಗ. ನಾವು ಆ ಗ್ರೇನ್‌ನ ಹತ್ತನೇ ಒಂದು ಪಾಲಿಗೆ ತಲೆ ಕೆಡಿಸಿಕೊಳ್ಳುತ್ತಿದ್ದೆವು. ಒಬ್ಬರು ಸೀನಿದರೆ ಬೆಳಗಿನಿಂದ ಮಾಡಿದ್ದೆಲ್ಲ ಮೊದಲಿನಿಂದ ಶುರು.

ಇದೆಲ್ಲ ಮತ್ತೆ ನೆನಪಾಗಲು ಕಾರಣ ನನ್ನ ತಂಗಿಯ ಮಗಳು ಪಲ್ಲವಿ. ಮಿಯಾಪುರದಲ್ಲಿದ್ದಾಳೆ, ಬ್ಯಾಂಕಿನ ಕೆಲಸ, ರಜಾದಿನ ಬಂತೆಂದರೆ ರೈಫಲ್ ಹಿಡಿದು ಗುರಿ ಹೊಡೆಯುವ ಹುಚ್ಚು. ಲೈಸೆನ್ಸು, ಅನುಮತಿ ಎಲ್ಲ ಇಟ್ಟುಕೊಂಡು ತನ್ನ ಕ್ಲಬ್ಬಿನವರ ಜೊತೆ ಅಲ್ಲಿಯೇ ತೋಟಾ ತುಂಬಿಕೊಳ್ಳಲು ಕಲಿಯುತ್ತಿದ್ದಾಳೆ. "ಮೌಶಿ, ಎಲೆಕ್ಟ್ರಾನಿಕ್ ತಗೋಳ್ಲೋ, ದಂಡಿಗಿ ತಕ್ಕಡಿ ತಗೋಳ್ಲೋ?" ಎಂದು ಕೇಳಿದಳು. ನಿವೃತ್ತಳಾದ ಮೇಲೆ ಯಾರಾದರೂ ನನ್ನ ವಿದ್ಯೆಯ ಬಗ್ಗೆ ಕೇಳಿದ್ದು ಅದೇ ಮೊದಲು. ಒಂದು ಪ್ರಶ್ನೆಗೆ ಮುಕ್ಕಾಲು ಗಂಟೆ ಉತ್ತರ ಕೊಟ್ಟೆ.

ಎಲೆಕ್ಟ್ರಾನಿಕ್ ತಕ್ಕಡಿ ಚುರುಕು. ಆದರೆ ಎದ್ದ ತಕ್ಷಣ ಮಾತಾಡಿಸಬಾರದು, ಸ್ವಲ್ಪ ಹೊತ್ತು ಬೆಚ್ಚಗಾಗಲು ಬಿಡಬೇಕು. ಪಕ್ಕದಲ್ಲಿ ಮೊಬೈಲ್ ಇಟ್ಟರೆ ಬೆದರಬಹುದು, ತೂಗುತ್ತ ತೂಗುತ್ತ ಅದರ ಸೊನ್ನೆ ಮೆಲ್ಲಗೆ ಪಕ್ಕಕ್ಕೆ ಸರಿದಿರುತ್ತದೆ. ದಂಡಿಗೆಯ ತಕ್ಕಡಿ ನಿಧಾನ. ಮುಳ್ಳು ಎಡಕ್ಕೆ ಬಲಕ್ಕೆ ತೂಗಾಡಿ ತೂಗಾಡಿ ನಿಲ್ಲುತ್ತದೆ, ನಿಂತ ಮೇಲೆ ಸುಳ್ಳು ಹೇಳುವುದಿಲ್ಲ. ಯಾವುದನ್ನೇ ಕೊಳ್ಳಲಿ, ಮೇಜು ಮಟ್ಟಸವಾಗಿರಬೇಕು, ಫ್ಯಾನು ಆರಿಸಬೇಕು, ತೂಕದ ಕಲ್ಲನ್ನು ಬೆರಳಿಂದ ಮುಟ್ಟದೆ ಚಿಮಟಿಗೆಯಿಂದ ಎತ್ತಿ ದಿನವೂ ತಕ್ಕಡಿಯ ಪರೀಕ್ಷೆ ಮಾಡಬೇಕು. ಬೆರಳಿನ ಬೆವರಿಗೂ ತೂಕವಿದೆ. ಪಲ್ಲವಿ ಎಲ್ಲ ಕೇಳಿಸಿಕೊಂಡು ದಂಡಿಗೆಯ ತಕ್ಕಡಿಯನ್ನೇ ತಂದು, ಪರೀಕ್ಷಿಸಿ ಕೊಡು ಎಂದು ನನ್ನ ಮನೆಯಲ್ಲಿಟ್ಟಳು.

ಪರೀಕ್ಷಿಸಿದೆ. ಮುಳ್ಳು ಗೆರೆಯ ಮೇಲೆ ನಿಂತಿತು. ಆದರೂ ಸರಿ ಎನ್ನಲು ಬಾಯಿ ಬರಲಿಲ್ಲ. ನಮ್ಮ ಕೋಣೆಯಲ್ಲಿ ಒಂದು ಕ್ರಮವಿತ್ತು. ತೂಗುವವರು ಪೌಡರನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಮುಳ್ಳು ಗೆರೆಗೆ ಬಂದಾಗ ಕೈ ತೆಗೆದು ಸುಮ್ಮನೆ ಕೂಡಬೇಕು. ಎದುರಿಗೆ ಕೂತವರು ನೋಡಿ "ಹೆಚ್ಚು", "ಕಡಿಮಿ" ಇಲ್ಲವೇ "ಬರೋಬ್ಬರಿ" ಎನ್ನಬೇಕು. ಬರೋಬ್ಬರಿ ಎಂದ ಮೇಲೆಯೇ ಅದು ತೋಟಾದೊಳಕ್ಕೆ. ಪಲ್ಲವಿಯನ್ನು ಎದುರಿಗೆ ಕೂರಿಸಿ ನೋಡಿದೆ. ಅವಳು ಮುಳ್ಳು ನೋಡುವ ಬದಲು ನನ್ನ ಮುಖ ನೋಡಿ "ಬರೋಬ್ಬರಿ ಐತಿ" ಎಂದುಬಿಟ್ಟಳು. ಅಂಥ ಬರೋಬ್ಬರಿ ನನಗೆ ಬೇಕಿರಲಿಲ್ಲ.

ನನಗೆ ಬೇಕಿದ್ದದ್ದು ಗೌರಕ್ಕನ ಬರೋಬ್ಬರಿ. ಕಲಬುರ್ಗಿಯ ಗೌರಕ್ಕ ಇಪ್ಪತ್ತು ವರ್ಷ ನನ್ನೆದುರಿಗೆ ಕೂತವಳು. ಅವಳು ತೂಗುತ್ತಿದ್ದಳು, ನಾನು ನೋಡಿ ಹೇಳುತ್ತಿದ್ದೆ. ಕೋಣೆಯಲ್ಲಿ ಮಾತಿಲ್ಲ, ಬಾಯಿಗಾಳಿಗೂ ಮುಳ್ಳು ಅಲುಗುತ್ತದೆ. ಇಡೀ ದಿನ ಅವಳಿಂದ ಕೇಳಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆದರೂ ಅಷ್ಟು ಹತ್ತಿರ ನಾನು ಯಾರ ಜೊತೆಗೂ ಕೂತಿಲ್ಲ. ನಮ್ಮಿಬ್ಬರ ನಿವೃತ್ತಿಗೆ ಎರಡು ವರ್ಷವಿದ್ದಾಗ ಒಂದು ಬೆಳಿಗ್ಗೆ ಅವಳು ಪೌಡರ್ ಉದುರಿಸುವ ಪುಟ್ಟ ಚಮಚವನ್ನು ಮಾತಿಲ್ಲದೆ ನನ್ನ ಕಡೆ ಸರಿಸಿದಳು. ಅಂದಿನಿಂದ ನಾನು ತೂಗುವವಳು, ಅವಳು ನೋಡುವವಳು. ಕೊನೆಗೂ ನನ್ನ ಕೈಗುಣಕ್ಕೆ ಗೌರಕ್ಕ ಸೋತಳು ಎಂದುಕೊಂಡು ಬೀಗಿದೆ. ಮನೆಯಲ್ಲಿ ಯಜಮಾನರ ಮುಂದೆ ಹೇಳಿಕೊಂಡೆ, ಊರಿಗೆ ಫೋನು ಮಾಡಿ ತಂಗಿಗೂ ಹೇಳಿದೆ.

ನಿವೃತ್ತಿಯಾದ ಮೇಲೆ ಅವಳು ಮಗ ಸೊಸೆಯ ಜೊತೆ ದಿಲ್‌ಸುಖ್‌ನಗರ ಸೇರಿದಳು. ನಮ್ಮ ಮನೆಯಿಂದ ಮೆಟ್ರೋದಲ್ಲಿ ಒಂದೇ ಲೈನು, ಎಲ್ಲೂ ಇಳಿದು ಹತ್ತಬೇಕಿಲ್ಲ. ಆದರೂ ಮೂರು ವರ್ಷ ಅವಳ ಮುಖ ಕಂಡಿರಲಿಲ್ಲ. ಬರಲೇ ಎಂದರೆ ಸುಣ್ಣ ಬಳಿಸುತ್ತಿದ್ದಾರೆ, ಬೀಗರು ಬರುತ್ತಾರೆ, ಮುಂದಿನ ವಾರ ನೋಡೋಣ. ಫೋನಿನಲ್ಲಿ ಮಾತ್ರ ಭರಪೂರ ಮಾತು. ಆ ಮಾತು ಮುಗಿದಾಗಲೆಲ್ಲ ನನಗೆ ಅವಳೆದುರು ಸುಮ್ಮನೆ ಕೂಡಬೇಕೆಂದು ಆಸೆಯಾಗುತ್ತಿತ್ತು. ಸುಮ್ಮನೆ ಕೂಡುವುದು ಫೋನಿನಲ್ಲಿ ಆಗುವುದಿಲ್ಲ. ಎರಡು ಗಳಿಗೆ ಕೂತರೆ "ಹಲೋ, ಹಲೋ, ಕೇಳಸ್ತದೇನು?" ಎಂದು ಶುರುವಾಗುತ್ತದೆ.

ಈ ಸಲ ಕೇಳದೆಯೇ ಹೊರಟೆ. ಪಲ್ಲವಿಯ ತಕ್ಕಡಿಯ ದಂಡಿಗೆಯನ್ನು ಬಿಚ್ಚಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎಲ್ಲವನ್ನೂ ಚೀಲಕ್ಕಿಳಿಸಿದೆ. ಮೆಟ್ರೋ ತಪಾಸಣೆಯ ಹೆಣ್ಣುಮಗಳು "ಯೇ ಕ್ಯಾ ಹೈ ಅಮ್ಮಾ?" ಎಂದಳು. ತರಾಜು ಎಂದೆ. ಬಂಗಾರ ತೂಗುವುದೇ ಎಂದು ಹಿಂದಿಯಲ್ಲೇ ಕೇಳಿದಳು. ಹೂಂ ಎಂದು ತಲೆಯಾಡಿಸಿದೆ, ನಿಜ ಹೇಳಿದ್ದರೆ ಆ ದಿನ ದಿಲ್‌ಸುಖ್‌ನಗರ ಮುಟ್ಟುತ್ತಿರಲಿಲ್ಲ.

ಬಾಗಿಲು ತೆರೆದ ಗೌರಕ್ಕ ನನ್ನನ್ನು ಕಂಡವಳೇ ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. ಸೊಸೆ ಚಹಾ ತಂದಿಟ್ಟಳು. ನನ್ನ ಚಹಾ ಮುಗಿಯಿತು, ಗೌರಕ್ಕನ ಚಹಾ ಕೆನೆಗಟ್ಟಿತು.

"ಯಾಕ, ಕುಡೀವಲ್ಲಿ?" ಎಂದೆ.

"ಆಮ್ಯಾಲ ಕುಡೀತೀನಿ ತಗೋ."

ನಂತರ ತಾನೇ ಸೋತವಳಂತೆ ಕೈಗಳನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಎರಡೂ ನಡುಗುತ್ತಿದ್ದವು.

"ಬ್ಯಾರೇದವ್ರಿಗೆ ತೋರಸ್ತೀನಿ ಶಕ್ಕೂ. ನಿನಗ ತೋರ್ಸೂದು ಆಗವಲ್ದು."

"ಯಾವಾಗಿಂದ ಐತಿ ಇದು?"

"ನಿನ್ನ ಕೈಗೆ ಚಮಚ ಕೊಟ್ಟೆ ನೋಡು, ಆವತ್ತಿಂದ."

ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸಿತು. ನಡುಗುವ ಕೈಯನ್ನು ಮುಚ್ಚಿಕೊಂಡು ಒಬ್ಬಳು ಕುರ್ಚಿ ಬದಲಿಸಿದರೆ, ಮೂರಡಿ ದೂರದಲ್ಲಿ ಕೂತ ನಾನು ಬಿರುದು ಬಂತೆಂದು ಊರಿಗೆಲ್ಲ ಫೋನು ಮಾಡಿದ್ದೆ. ಅದನ್ನೂ ಹೇಳಿದೆ. ಗೌರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಫ್ಯಾನು ಆರಿಸಿ ತಕ್ಕಡಿ ಜೋಡಿಸಿದೆ. ಮನೆಯಲ್ಲಿ ಪೌಡರ್ ಎಲ್ಲಿಯದು, ಸೊಸೆ ಒಂದು ಬಟ್ಟಲು ರವೆ ಕೊಟ್ಟಳು. ಚಿಟಿಕೆ ಚಿಟಿಕೆಯಾಗಿ ಉದುರಿಸಿದೆ. ಮುಳ್ಳು ಗೆರೆಗೆ ಬಂದು ನಿಂತಿತು, ನಾನು ಕೈ ತೆಗೆದೆ. ಗೌರಕ್ಕ ಬಗ್ಗಿ ನೋಡಿದಳು.

"ಹೆಚ್ಚು."

"ಎಲ್ಲಿ ಹೆಚ್ಚು? ಗೆರಿ ಮ್ಯಾಲೇ ಐತಲ್ಲ!"

"ನೀ ಓರೆ ಕುಂತೀದಿ, ಅದಕ್ಕ ಹಂಗ ಕಾಣತೈತಿ. ಮೊದಲಿಂದಾನೂ ನೀ ಹಿಂಗಽ, ಎಡಕ್ಕ ವಾಲತೀದಿ."

"ಹಂಗಾರ ಇಷ್ಟು ವರ್ಷ ಒಮ್ಮೆನೂ ಹೇಳಲಿಲ್ಲಲ್ಲ?"

"ಅಲ್ಲಿ ಮಾತಾಡೂಹಂಗ ಎಲ್ಲಿತ್ತು? ದಿನಾ ಮುಂಜಾನೆ ನೀ ಬರೂದಕ್ಕಿಂತ ಮೊದಲು ನಿನ್ನ ಕುರ್ಚಿ ಒಂದೀಟು ಬಲಕ್ಕ ಸರಿಸಿ ಇಡತಿದ್ದೆ. ಕುಂತ್ರ ಕಣ್ಣು ಸೀದಾ ಮುಳ್ಳಿಗೇ ಬರತಿತ್ತು."

ಇಪ್ಪತ್ತು ವರ್ಷ. ನನ್ನ ಕಣ್ಣಿನ ಮೇಲೆ ನನಗಿದ್ದ ಜಂಬವೆಲ್ಲ ಅವಳು ಬೆಳಗ್ಗೆ ಬೇಗ ಬಂದು ಸರಿಸಿಟ್ಟ ಒಂದು ಕುರ್ಚಿ. ಎದ್ದು ಕುರ್ಚಿ ಸರಿಸಲು ಹೋದೆ. "ತಡಿ" ಎಂದು ಅವಳೇ ಬಂದಳು. ನಡುಗುವ ಕೈಗಳಿಂದ ಹಿಡಿದು, ಒಮ್ಮೆ ಬಲಕ್ಕೆ ಜಾಸ್ತಿಯಾಗಿ, ಮತ್ತೆ ಎಡಕ್ಕೆ ಎಳೆದು, ಸಾಕಷ್ಟು ಹೊತ್ತು ತೆಗೆದುಕೊಂಡಳು. ನಾನು ಕೈ ಹಾಕಲಿಲ್ಲ. ಕೂತು ನೋಡಿದರೆ ಮುಳ್ಳು ಗೆರೆಯಿಂದ ಕೂದಲೆಳೆಯಷ್ಟು ಆಚೆ ಇತ್ತು. ಒಂದೆರಡು ಹರಳು ರವೆ ತೆಗೆದೆ. ಮುಳ್ಳು ತೂಗಾಡಿತು. ಇಬ್ಬರೂ ಮಾತಿಲ್ಲದೆ ಕಾಯುತ್ತ ಕೂತೆವು. ಮೂರು ವರ್ಷದಿಂದ ನಾನು ಹಂಬಲಿಸಿದ್ದು ಇದನ್ನೇ. ಕಣ್ಣು ತುಂಬಿ ಬಂದು ಮುಳ್ಳು ಮಸುಕಾಯಿತು, ಪುಣ್ಯಕ್ಕೆ ನೋಡಿ ಹೇಳುವ ಕೆಲಸ ಅವಳದಾಗಿತ್ತು.

"ಬರೋಬ್ಬರಿ" ಎಂದಳು ಗೌರಕ್ಕ.

ವಾಪಸು ಬರುವಾಗ ಮೆಟ್ರೋದಲ್ಲಿ ಪಲ್ಲವಿಯ ಫೋನು. "ಮೌಶಿ, ತಕ್ಕಡಿ ಹೆಂಗೈತಿ?"

"ಭಾಳ ಛಲೋ ಐತಿ. ಆದ್ರ ತಪಾಸಣಿ ಇನ್ನೂ ಮುಗದಿಲ್ಲ. ಇನ್ನೊಂದು ನಾಲ್ಕೈದು ಸರ್ತಿ ನೋಡಬೇಕಾಗತೈತಿ."

ಕಂಡಕ್ಟರಿಲ್ಲದ ಆ ಗಾಡಿಯಲ್ಲಿ ಯಾರೂ ನನ್ನ ಚೀಲ ನೋಡಲಿಲ್ಲ. ನೋಡಿದ್ದರೂ ಅದರಲ್ಲಿ ಹಳೆಯ ಸೀರೆಯ ತುಂಡು ಮಾತ್ರ ಸಿಗುತ್ತಿತ್ತು. ತಕ್ಕಡಿಯನ್ನು ಗೌರಕ್ಕನ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೆ.