ತುದಿ ಕಡಿದ ಹಲಸು

ಬಿಳಿಗೆರೆಯಲ್ಲಿ ಯಾರ ಮನೆಯಲ್ಲಿ ಊಟದ ಕಾರ್ಯವಿದ್ದರೂ ಗುರುಶಾಂತಮ್ಮ ಹಲಸಿನೆಲೆಗಳನ್ನು ಕಡ್ಡಿ ಚುಚ್ಚಿ ಜೋಡಿಸಿ ಊಟದೆಲೆ ಹಚ್ಚಿಕೊಡುತ್ತಿದ್ದರು. ಹಚ್ಚುವಾಗ ಅವರ ಬಾಯಿಗೂ ಬಿಡುವಿರುತ್ತಿರಲಿಲ್ಲ. ಊರ ಸುದ್ದಿಯೆಲ್ಲ ಅಲ್ಲೇ.

ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡರೂ ಬೆರಳುಗಳಿಗೆ ಮೊದಲಿನ ಬಿಗಿ ಬರಲಿಲ್ಲ. ಕಣದ ಬದಿಯ ಹಲಸು ಬಯಲಿನಲ್ಲಿ ಕೊಂಬೆ ಚಾಚಿ ಹರಡಿಕೊಂಡದ್ದು. ಬಿಸಿಲುಂಡ ಅದರ ಎಲೆ ಚಿಕ್ಕದು, ದಪ್ಪ, ಗಡುಸು. ಕಡ್ಡಿ ಚುಚ್ಚಹೋದರೆ ಎಲೆ ಬಿರಿಯುತ್ತಿತ್ತು, ಇಲ್ಲವೆ ಕೈ ಸೋಲುತ್ತಿತ್ತು. ತೆಂಗಿನ ಸಾಲಿನ ನಡುವೆ ಇನ್ನೊಂದು ಹಲಸಿತ್ತು. ಬೆಳಕು ಹುಡುಕುತ್ತ ಕಂಬದಂತೆ ನೆಟ್ಟಗೆ ಹೋದ ಮರ. ನೆರಳಲ್ಲಿ ಬಿಟ್ಟ ಅದರ ಎಲೆ ಅಗಲ, ತೆಳು, ಮೆತ್ತಗೆ. ಆದರೆ ಎಲ್ಲ ಕೈಗೆಟುಕದ ಎತ್ತರದಲ್ಲಿ.

ಗಂಡ ತೋಂಟದಾರ್ಯನವರಿಗೆ ಅದನ್ನು ಬುಡಕ್ಕೆ ಕಡಿಸಿ ಹೊಸ ಬಾಗಿಲು ಮಾಡಿಸುವ ಆಸೆ. ಮರ ಕೊಯ್ಯುವ ಕಾಂತೇಶನಿಗೂ ಹೇಳಿದ್ದರು. ಅವನು ಬಂದ ಬೆಳಿಗ್ಗೆಯೇ, ಹೆಂಡತಿ ಜಗಲಿಯಲ್ಲಿ ಬಿರಿದ ಎಲೆಗಳನ್ನು ಮಡಿಲಲ್ಲಿಟ್ಟುಕೊಂಡು ಮಾತಿಲ್ಲದೆ ಕೈ ನೀವಿಕೊಳ್ಳುತ್ತಿದ್ದುದನ್ನು ಕಂಡರು. ಆ ಮೌನ ಅವರಿಂದ ಸಹಿಸಲಾಗಲಿಲ್ಲ.

“ಬುಡಕ್ಕೆ ಬ್ಯಾಡ ಕಣಪ್ಪ, ಆಳೆತ್ತರಕ್ಕೆ ಕಡ್ದುಬುಡು. ಪಕ್ಕಕ್ಕೆ ಚಿಗುರ್ಲಿ,” ಎಂದರು ಕಾಂತೇಶನಿಗೆ.

“ಬಾಗ್ಲಿಗೇನ್ ಮಾಡ್ತೀರಿ?” ಗುರುಶಾಂತಮ್ಮ ಕೇಳಿದರು.

“ಮೇಲಿನ್ ತುಂಡಲ್ಲಿ ಆದಷ್ಟು ಆಗ್ಲಿ. ಹಳೇದೇನ್ ಬಿದ್ದೋಗಲ್ಲ ಬುಡು.”

ಮಳೆ ಬಿದ್ದ ಮೇಲೆ ಮೋಟಿನ ಸುತ್ತ ಚಿಗುರೊಡೆಯಿತು. ಎಲೆ ಬಿಟ್ಟಾಗ ತೋಂಟದಾರ್ಯನವರ ಮುಖ ಸಪ್ಪಗಾಯಿತು. ಸಸಿಯ ಎಲೆಯಂತೆ ಅಂಚು ಸೀಳಿಕೊಂಡು, ಬೆರಳು ಬಿಟ್ಟಂತಿದ್ದವು.

“ಇದ್ರಲ್ಲಿ ಅನ್ನ ನಿಲ್ತದೇನೆ?”

ಗುರುಶಾಂತಮ್ಮ ಬಹಳ ದಿನದ ಮೇಲೆ ನಕ್ಕರು. “ಎಳೇ ಚಿಗುರು ಹಂಗೇ ಕಣ್ರೀ. ಕೊಂಬೆ ಬಲೀಲಿ, ಇಡೀ ಎಲೆ ಬಿಡ್ತದೆ.”

ಹಾಗೇ ಆಯಿತು. ಮರುವರ್ಷ ಕೊಂಬೆಗಳು ತೆಂಗಿನ ನೆರಳಲ್ಲಿ ಅಡ್ಡಕ್ಕೆ ಚಾಚಿದಂತೆ ಅಗಲವಾದ ಮೆತ್ತನೆಯ ಎಲೆಗಳು ನಿಂತಲ್ಲೇ ಕೈಗೆ ಸಿಕ್ಕವು. ಗಂಡ ಎಲೆ ಜೋಡಿಸಿ ಹಿಡಿದರೆ ಹೆಂಡತಿ ಮೆಲ್ಲಗೆ ಕಡ್ಡಿ ಚುಚ್ಚುವರು. ಸುದ್ದಿಗಳೂ ಮತ್ತೆ ಶುರುವಾದವು. ಕೇಳುತ್ತ ಕೇಳುತ್ತ ತೋಂಟದಾರ್ಯನವರು ತಾವೂ ಹಚ್ಚುವುದನ್ನು ಕಲಿತರು.

ಮೊನ್ನೆ ಪಕ್ಕದ ಮನೆಯ ಪವಿತ್ರಳ ಮಗುವಿನ ನಾಮಕರಣಕ್ಕೆ ಎಲೆಯೆಲ್ಲ ಇವರಿಬ್ಬರದೇ. ಪಂಕ್ತಿಯಲ್ಲಿ ತೋಂಟದಾರ್ಯನವರ ಮುಂದೆ ಅವರೇ ಹಚ್ಚಿದ ಎಲೆ ಬಂತು. ಸಾರು ಬಡಿಸಿದ್ದೇ ತಡ, ಸಂದಿಯಿಂದ ಪಂಚೆಗೆ ಇಳಿಯಿತು.

“ಒಸಿ ಅನ್ನ ಅಡ್ಡ ಕಟ್ಕಳ್ರಿ,” ಎಂದರು ಎದುರು ಸಾಲಿನಲ್ಲಿ ಕೂತಿದ್ದ ಗುರುಶಾಂತಮ್ಮ, ಸೆರಗು ಬಾಯಿಗೆ ಒತ್ತಿಕೊಂಡು.

ಅವರು ಅನ್ನದ ಕಟ್ಟೆ ಕಟ್ಟಿ, ಇನ್ನೊಂದು ಸೌಟು ಸಾರು ಕೇಳಿದರು.