ಪಂಕ್ಚರಮ್ಮನ ಸಿಟ್ಟು

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಟ್ಯೂಬುಗಳಿಗೆ ತೇಪೆ ಹಾಕುತ್ತಿದ್ದ ಆಕೆಯನ್ನು ಎಲ್ಲರೂ ಪಂಕ್ಚರಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡಾಗ ಅಂಗಡಿಯ ಜೊತೆಗೆ ಅವನ ಬೈಗುಳಗಳೂ ತನ್ನ ಪಾಲಿಗೆ ಬಂದವು ಎಂದು ಅವಳೇ ನಗುತ್ತಿದ್ದಳು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಅದರ ಬುಡ ಎಲ್ಲಿದೆ ಎಂಬುದು ಮಗಳಿಗೆ ಮಾತ್ರ ಗೊತ್ತಿತ್ತು. ಮಗಳಿಗಿಂತ ಮೊದಲು ಹುಟ್ಟಿದ ಗಂಡುಕೂಸಿಗೆ ಸೋಂಕಾಗಿತ್ತು. ಮೈ ಬಿಸಿ ಇಳಿದಿದೆ, ಹಾಲು ಕುಡಿಯುತ್ತಿದೆ ಎಂದು ಅಂದಿನ ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು ಕಣ್ಣು ಹಾಯಿಸಿ, ಇಂಜೆಕ್ಷನ್ ನಿಲ್ಲಿಸಿ ಮನೆಗೆ ಕಳಿಸಿದ್ದರು. ವಾರ ತುಂಬುವುದರೊಳಗೆ ಕೂಸು ಕೈಬಿಟ್ಟುಹೋಯಿತು.

ಈಗ ಮಗಳಿಗೆ ಹೆರಿಗೆಯಾಗಿತ್ತು. ನೋವು ಬರುವುದಕ್ಕೆ ಎಷ್ಟೋ ಮೊದಲೇ ಗರ್ಭದ ನೀರು ಒಡೆದು ಹೋಗಿತ್ತು. ಹುಟ್ಟಿದ ಮೊಮ್ಮಗಳು ಏದುಸಿರು ಬಿಡುತ್ತಿದ್ದಳು. ಸೋಂಕಿರಬಹುದೆಂದು ಆ್ಯಂಟಿಬಯೋಟಿಕ್ ಶುರು ಮಾಡಿದರು. ಕೂಸಿನ ರಕ್ತ ತೆಗೆದಾಗಲೆಲ್ಲ ಗಾಜಿನ ಕೋಣೆಯ ಹೊರಗೆ ಕುಳಿತ ಪಂಕ್ಚರಮ್ಮ ಹಲ್ಲು ಕಡಿಯುತ್ತಿದ್ದಳು. ಯಾತಕ್ಕೆಂದು ಯಾರೂ ಹೇಳದಿದ್ದರೂ ಅದನ್ನು ಹೇಗೋ ನುಂಗಿಕೊಂಡಳು. ಆದರೆ ಮಕ್ಕಳ ಡಾಕ್ಟರಮ್ಮ ಬಂದು ಔಷಧಿ ಇಷ್ಟಕ್ಕೆ ಸಾಕು ಎಂದಾಗ ಮೈಯೆಲ್ಲ ಉರಿದುಹೋಯಿತು.

"ನೀವು ನಿಲ್ಲಿಸ್ತೀರಿ, ಮಣ್ಣು ಮಾಡೋರು ನಾವು. ಒಂದು ಸಲ ಮಾಡಿದೀನಿ."

ಮಗಳು ಎಷ್ಟು ಕಣ್ಸನ್ನೆ ಮಾಡಿದರೂ ಕೇಳದೆ ಹಳೆಯದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದಳು. ನಾನು ಟ್ಯೂಬನ್ನೇ ನೀರಲ್ಲಿ ಅದ್ದಿ ನೋಡದೆ ತೂತಿಲ್ಲ ಅನ್ನುವುದಿಲ್ಲ, ಕೂಸನ್ನು ಕಣ್ಣಳತೆಯಲ್ಲಿ ಹೇಗೆ ಹೇಳುತ್ತೀರಿ ಎಂದಳು.

ಡಾಕ್ಟರಮ್ಮ ರೇಗಲಿಲ್ಲ. ಬೆಂಚಿನಲ್ಲಿ ಪಕ್ಕಕ್ಕೇ ಕುಳಿತು ಬಿಡಿಸಿ ಹೇಳಿದರು. ಸೋಂಕಿದ್ದರೆ ರಕ್ತದಲ್ಲಿ ಸಿಆರ್‌ಪಿ ಎಂಬ ಅಂಶ ಏರುತ್ತದೆ. ಅದು ಮೊದಲೂ ಏರಿರಲಿಲ್ಲ, ಮರುದಿನ ಮತ್ತೆ ನೋಡಿದಾಗಲೂ ಏರಿಲ್ಲ. ಲ್ಯಾಬಿನಲ್ಲಿಟ್ಟು ಕಾದರೂ ರಕ್ತದಲ್ಲಿ ರೋಗಾಣು ಬೆಳೆದಿಲ್ಲ, ಉಸಿರೂ ಹದಕ್ಕೆ ಬಂದಿದೆ. ಸುಮ್ಮನೆ ಔಷಧಿ ಕೊಡುತ್ತಾ ಹೋದರೆ ಹೊಟ್ಟೆ ಕೆಡುತ್ತದೆ, ಮುಂದೆ ನಿಜವಾಗಿ ಬೇಕಾದಾಗ ಅದು ನಾಟದೆಯೂ ಹೋಗಬಹುದು.

"ನಿಲ್ಲಿಸಿ ಮನೆಗೆ ಅಟ್ಟಲ್ಲಮ್ಮ. ಇಲ್ಲೇ ಇಟ್ಕೊಂಡು ನೋಡ್ತೀವಿ. ಅನುಮಾನ ಬಂದ್ರೆ ಮತ್ತೆ ಶುರು ಮಾಡ್ತೀವಿ."

ಪಂಕ್ಚರಮ್ಮ ಗಾಜಿನಾಚೆಯ ಕೂಸನ್ನು ನೋಡಿದಳು. ಆಮೇಲೆ ಕೇಳಿದಳು: "ಆಗ ಇತ್ತಾ ಈ ಟೆಸ್ಟು?"

"ಇತ್ತು. ಎಲ್ಲಾ ಕಡೆ ಮಾಡ್ತಿರಲಿಲ್ಲ."

"ಮಾಡಿದ್ರೆ ಉಳೀತಿದ್ನಾ?"

"ಹೇಳಕ್ಕಾಗಲ್ಲ. ಆದ್ರೆ ನೋಡ್ಬೇಕಿತ್ತು."

ಕೂಸು ಸತ್ತದ್ದಕ್ಕೆ ನಿನ್ನ ಎದೆಹಾಲೇ ವಿಷ ಎಂದು ಅತ್ತೆ ಸಾಯುವವರೆಗೂ ಚುಚ್ಚಿದ್ದಳು. ಇವಳು ಅದನ್ನು ಅರ್ಧ ನಂಬಿಯೂ ಇದ್ದಳು. ಈಗ ತಪ್ಪು ತನ್ನ ಹಾಲಿನದಲ್ಲ ಎಂದು ತಿಳಿದು ಸಿಟ್ಟಿಗೆ ಗೋಡೆಗೆ ಗುದ್ದಿದಳು. ಬೆರಳ ಗಂಟು ಸುಲಿಯಿತು, ನರ್ಸ್ ಬೈಯುತ್ತಲೇ ಪಟ್ಟಿ ಕಟ್ಟಿದಳು.

ಮೊಮ್ಮಗಳಿಗೆ ಸೋಂಕು ಕಾಣಿಸಲಿಲ್ಲ. ಹಾಲು ಕುಡಿದು, ಕೈಕಾಲು ಬಡಿದು, ಗಟ್ಟಿ ಗಂಟಲಲ್ಲಿ ಅಳುತ್ತಾ ಮನೆಗೆ ಬಂದಳು. ಪಂಕ್ಚರಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ಗಲ್ಲಿಯಲ್ಲಿ ಯಾರ ಕೂಸು ಆಸ್ಪತ್ರೆ ಸೇರಿದರೂ ಗ್ರೀಸಿನ ಕೈಯಲ್ಲೇ ಓಡಿಹೋಗುತ್ತಾಳೆ. ಯಾರಾದರೂ ಔಷಧಿ ನಿಲ್ಲಿಸುತ್ತೇವೆ ಎಂದರೆ ಸಾಕು, ರಕ್ತ ನೋಡಿದಿರಾ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ.