ಅವಳ ಆಮೆನ್

ಶನಿವಾರ ಮಧ್ಯಾಹ್ನ ಮೂರಕ್ಕೆ ಸ್ವೀಡನ್ನಿನ ಮೋಲ್ನ್‌ಡಾಲ್‌ನ ನನ್ನ ಮನೆಯಲ್ಲಿ ಕನ್ನಡ ಪ್ರಾರ್ಥನಾ ಕೂಟ. ಕೂಟ ಅಂದರೆ ದೊಡ್ಡದೇನಲ್ಲ, ಐದು ಜನ. ಮೊದಲು ಒಂದು ಹಾಡು, ಆಮೇಲೆ ಬೈಬಲ್ ವಾಕ್ಯ ಓದುವುದು, ಕೊನೆಗೆ ಒಬ್ಬೊಬ್ಬರೂ ತಮ್ಮ ಪ್ರಾರ್ಥನಾ ವಿಷಯ ಹೇಳುವುದು. ಒಬ್ಬರಿಗೆ ವರ್ಕ್ ಪರ್ಮಿಟ್ ಮುಂದುವರಿಯಬೇಕು, ಇನ್ನೊಬ್ಬರ ಮಗುವಿಗೆ ಮನೆ ಹತ್ತಿರದ ಶಿಶುವಿಹಾರದಲ್ಲೇ ಸೀಟು ಸಿಗಬೇಕು, ಮತ್ತೊಬ್ಬರು ಮೂರನೇ ಸಲವಾದರೂ ಡ್ರೈವಿಂಗ್ ಟೆಸ್ಟು ಪಾಸಾಗಬೇಕು. ದೇವರನ್ನು ನಗರಸಭೆ ಆಫೀಸಿನ ಗುಮಾಸ್ತ ಮಾಡಿಬಿಟ್ಟಿದ್ದೀರಿ ಎಂದು ಒಮ್ಮೆ ಹೇಳಿ ನಾನು ಎಲ್ಲರ ಮುಖ ಕೆಡಿಸಿದ್ದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ನಂಬಿಕೆಯಲ್ಲಿ ಅಂಥ ಗಟ್ಟಿಗಿತ್ತಿಯೂ ಅಲ್ಲ. ಗದಗದಲ್ಲಿ ಅಜ್ಜನ ಕಾಲದಿಂದ ಬಂದ ರೂಢಿ, ಬಿಡಲಾಗಲಿಲ್ಲ, ಅಷ್ಟೇ.

ನಾನು ಹೇಳಹೊರಟಿರುವ ಹೆಂಗಸು ಕೂಟಕ್ಕೆ ಬಂದದ್ದು ನನ್ನ ಮೂಲಕ. ನಾನು ಔಷಧ ಸಂಶೋಧನೆಯ ಲ್ಯಾಬಿನಲ್ಲಿದ್ದೇನೆ. ಅದೇ ಕಟ್ಟಡದಲ್ಲಿ ಅವಳು ಲ್ಯಾಬಿನ ಗಾಜಿನ ಸಾಮಾನು ತೊಳೆಯುತ್ತಾಳೆ. ಒಂದು ದಿನ ಫೀಕಾ, ಅಂದರೆ ಕಾಫಿ ವಿರಾಮದ ಹೊತ್ತಿನಲ್ಲಿ ನನ್ನ ಕೊರಳಿನ ಶಿಲುಬೆ ನೋಡಿ, ಕಾಫಿ ಲೋಟ ಹಿಡಿದು ಪಕ್ಕಕ್ಕೆ ಬಂದು ಕೂತಳು. ಆಫ್ರಿಕಾದವಳು. ದೇಶದ ಹೆಸರು ಬರೆಯುವುದಿಲ್ಲ, ಅವಳ ಮಂದಿ ಇನ್ನೂ ಅಲ್ಲಿದ್ದಾರೆ. ಅವಳ ಗಂಡ ಅಲ್ಲಿ ಜೈಲಿನಲ್ಲಿದ್ದ. ಮಾಡಿದ ತಪ್ಪು ಏನೆಂದರೆ, ಹನ್ನೆರಡು ಜನರನ್ನು ಮನೆಯಲ್ಲಿ ಸೇರಿಸಿಕೊಂಡು ಪ್ರಾರ್ಥನೆ ಮಾಡಿದ್ದು. ನಾನು ಇನ್ನು ಆ ಸಭೆಯವನಲ್ಲ, ಆ ನಂಬಿಕೆ ನನ್ನದಲ್ಲ ಎಂದು ಒಂದು ಕಾಗದಕ್ಕೆ ಸಹಿ ಹಾಕಿದರೆ ಅಂದೇ ಬಿಡುತ್ತಾರಂತೆ. ಮೂರು ವರ್ಷವಾದರೂ ಅವನು ಹಾಕಿರಲಿಲ್ಲ. ಬಸ್ಸು ತಡವಾದ ಸುದ್ದಿ ಹೇಳುವ ಹಾಗೆ ಇಷ್ಟನ್ನೂ ಹೇಳಿದಳು. ಶನಿವಾರ ನಾವು ಸೇರುತ್ತೇವೆ ಎಂದು ನಾನು ಬಾಯಿಬಿಟ್ಟದ್ದೇ ತಡ, ತಾನೂ ಬರುತ್ತೇನೆ ಅಂದಳು.

"ನಮ್ಮದು ಕನ್ನಡದಲ್ಲಿ. ನಿನಗೆ ಒಂದಕ್ಷರ ಅರ್ಥವಾಗಲ್ಲ," ಎಂದು ನನಗೆ ಬರುವ ಸ್ವೀಡಿಷ್‌ನಲ್ಲಿ ಹೇಳಿದೆ.

"ಪರವಾಗಿಲ್ಲ."

"ನಿನಗೋಸ್ಕರ ಸ್ವೀಡಿಷ್‌ನಲ್ಲೇ ಮಾಡ್ತೀವಿ, ಬೇಕಾದರೆ."

"ಬೇಡ. ನಿಮ್ಮ ಭಾಷೆಯಲ್ಲೇ ಇರಲಿ."

ಪಕ್ಕದ ಗೋಥೆನ್‌ಬರ್ಗ್‌ನಲ್ಲಿ ಅವಳ ಭಾಷೆಯವರದ್ದೇ ಸಭೆ ಇತ್ತು. ಪ್ರತಿ ಭಾನುವಾರ ತಪ್ಪದೆ ಹೋಗುತ್ತಿದ್ದಳು. ಹಾಗಿರುವಾಗ ನಮ್ಮ ಹತ್ತಿರ ಏನಿದೆ ಅಂತ ಬರುತ್ತಾಳೆ ಎಂದು ಅಂದುಕೊಂಡೆ, ಆದರೆ ಕೇಳಲಿಲ್ಲ. ಅವಳು ಬಂದಳು, ಕೂತಳು, ನಾವು ಅವಳ ಗಂಡನ ಹೆಸರೆತ್ತಿ ಬಿಡಿಸಪ್ಪಾ ತಂದೆಯೇ ಎಂದು ಬೇಡಿದೆವು, ಅವಳು ಆಮೆನ್ ಅಂದಳು. ಕೆಲವು ವಾರ ಹೀಗೇ ನಡೆಯಿತು.

ನಮ್ಮಲ್ಲಿ ಹಿರಿಯರು ಅಂದರೆ ಅಂಕಲ್. ಮೈಸೂರಿನವರು, ಎಸ್ಕಿಲ್‌ಸ್ಟುನಾದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿ ಇಲ್ಲಿಗೆ ಬಂದವರು. ಒಂದು ಶನಿವಾರ ವಾಕ್ಯ ಓದುವ ಸರದಿ ಅವರದು. ಕ್ರೈಸ್ತ ಸಭೆ ಆಗಷ್ಟೇ ಹುಟ್ಟಿದ್ದ ಕಾಲದ ಸಂಗತಿ. ಇಬ್ಬರು ಶಿಷ್ಯರನ್ನು ಹಿಡಿದು, ಇನ್ನೊಮ್ಮೆ ಯೇಸುವಿನ ಹೆಸರೆತ್ತಿದರೆ ನೋಡಿ ಎಂದು ಹೆದರಿಸಿ ಬಿಟ್ಟಿರುತ್ತಾರೆ. ಅವರು ತಮ್ಮವರ ಹತ್ತಿರ ಬಂದಾಗ ಎಲ್ಲರೂ ಕೂಡಿ ಪ್ರಾರ್ಥಿಸುತ್ತಾರೆ. ಭೂಮ್ಯಾಕಾಶಗಳ ಒಡೆಯ ನೀನು, ಇದೂ ನಿನ್ನ ಕೈಯಲ್ಲೇ ಇದೆ ಎನ್ನುತ್ತಾರೆ. ಹಿಂಸೆ ನಿಲ್ಲಿಸು ಎಂದು ಬೇಡುವುದಿಲ್ಲ, ಧೈರ್ಯ ಕೊಡು ಎಂದಷ್ಟೇ ಬೇಡುತ್ತಾರೆ.

ಅಂಕಲ್ ಕನ್ನಡಕ ತೆಗೆದರು. "ನೋಡಿದ್ರಾ? ನಾವು ಇಷ್ಟು ದಿನ ತಪ್ಪು ಕೇಳ್ತಾ ಇದ್ವಿ. ಇವಳ ಗಂಡನ್ನ ಬಿಡಬೇಕು ಅಂದ್ರೆ ಆತ ಸಹಿ ಹಾಕ್ಬೇಕು. ಬಿಡಿಸು ಅಂತ ಕೇಳಿದ್ರೆ ಸಹಿ ಹಾಕ್ಸು ಅಂತ ಕೇಳಿದ ಹಾಗೇ ತಾನೆ? ಗಟ್ಟಿಯಾಗಿ ನಿಲ್ಲಲಿ ಅಂತ ಕೇಳೋಣ."

ಕೋಪ ಬಂದರೆ ನನ್ನ ಬೆಂಗಳೂರು ಕನ್ನಡ ಹಾರಿಹೋಗುತ್ತದೆ. "ಹೌದ್ರೀ ಅಂಕಲ್, ಜೈಲಿನಾಗ ಇರೋರು ನಿಮ್ಮ ಮನೀಯವರಲ್ಲಲ್ಲ! ಆಂಟಿ ಒಳಗಿದ್ದಿದ್ರ ಹಿಂಗ ಕೇಳ್ತಿದ್ರೇನು?"

"ಕೋಪ ಮಾಡ್ಕೋಬೇಡಮ್ಮ. ಈಗ ಓದಿದ್ವಲ್ಲ, ಅದೇ ಸಭೆಯಲ್ಲಿ ಮುಂದೆ ಒಬ್ಬ ಶಿಷ್ಯನ್ನ ಕತ್ತಿಯಿಂದ ಕೊಂದ್ರು, ಇನ್ನೊಬ್ಬರು ಸೆರೆಯಿಂದ ಹೊರಗೆ ಬಂದ್ರು. ಇಬ್ಬರಿಗೂ ಅದೇ ಜನ ಪ್ರಾರ್ಥನೆ ಮಾಡಿರ್ತಾರೆ. ಯಾಕೆ ಹಾಗೆ ಅಂತ ನಂಗೂ ಗೊತ್ತಿಲ್ಲ. ಒಡೆಯ ಅವನು."

"ಒಡೆಯ ತನಗ ಬೇಕಾದ್ದ ಮಾಡ್ಕೊಳ್ಳೋದಾದ್ರ ನಾವ್ಯಾಕ ಶನಿವಾರ ಹಾಳು ಮಾಡ್ಕೋಬೇಕ್ರಿ?"

ಅವಳು ನಮ್ಮಿಬ್ಬರ ನಡುವೆ ಕೂತು ಚಕ್ಕುಲಿ ಮುರಿಯುತ್ತಿದ್ದಳು. ಜಗಳ ಯಾರ ಬಗ್ಗೆ ಎಂದು ನಾವು ಹೇಳಲಿಲ್ಲ.

ಅಂದಿನಿಂದ ಅಂಕಲ್ ಪ್ರತಿ ವಾರ ಅವನನ್ನು ಸ್ಥಿರವಾಗಿ ನಿಲ್ಲಿಸು ಎಂದು ಪ್ರಾರ್ಥಿಸಿದರು. ನಾನು ಹಠಕ್ಕೆ ಬಿದ್ದು, ಅವರು ಮುಗಿಸಿದ ಕೂಡಲೇ ಬಿಡಿಸು ಎಂದೆ. ಸಹಿ ಹಾಕಿಸಿಯಾದರೂ ಬಿಡಿಸು ಎಂದೂ ಒಮ್ಮೆ ಅಂದುಬಿಟ್ಟೆ. ಎರಡಕ್ಕೂ ಎಲ್ಲರ ಆಮೆನ್, ಅದರೊಳಗೆ ಅವಳದೂ. ಮೂರು ವರ್ಷ ಆ ಮನುಷ್ಯ ಯಾವುದಕ್ಕೆ ಒಪ್ಪಲಿಲ್ಲವೋ ಅದಕ್ಕೆ ಅವನ ಹೆಂಡತಿಯ ಬಾಯಲ್ಲೇ ಆಮೆನ್ ಹೇಳಿಸುತ್ತಿದ್ದೇನೆ ಎಂಬುದು ನನಗೆ ಚುಚ್ಚುತ್ತಿತ್ತು. ಆದರೂ ಹೇಳಲಿಲ್ಲ. ಹೇಳಿದರೆ ಅವಳು ಬರುವುದನ್ನೇ ಬಿಟ್ಟಾಳು ಎಂಬ ಹೆದರಿಕೆ.

ಮಾರ್ಚಿನ ಒಂದು ಬೆಳಿಗ್ಗೆ ಲ್ಯಾಬಿಗೆ ತೊಳೆದ ಬಾಟಲಿಗಳ ಗಾಡಿ ತಳ್ಳಿಕೊಂಡು ಬಂದವಳು ನನ್ನ ಮೇಜಿನ ಹತ್ತಿರ ನಿಂತಳು.

"ಬಿಟ್ಟರು. ತಮ್ಮನ ಮನೆಯಲ್ಲಿದ್ದಾನೆ."

ನಾನು ಎದ್ದು ಅವಳ ಕೈ ಹಿಡಿದೆ.

"ಸಹಿ ಹಾಕಿದ," ಅಂದಳು. ಗಾಡಿ ತಳ್ಳಿಕೊಂಡು ಹೋದಳು.

ಬೇಡಿದ್ದು ಅಕ್ಷರಶಃ ಸಿಕ್ಕಿತ್ತು. ಶನಿವಾರ ಅವಳು ಬರುವುದಿಲ್ಲ ಅಂದುಕೊಂಡಿದ್ದೆ, ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಅಂಕಲ್‌ಗೆ ಆಗಲೇ ಸುದ್ದಿ ಹೇಳಿದ್ದೆ. ಅವರು ತಲೆ ತಗ್ಗಿಸಿಕೊಂಡಿದ್ದರು. ಹಾಡು ಶುರುವಾಗುವ ಮೊದಲೇ ನಾನು ತಡೆಯಲಾರದೆ ಎಲ್ಲವನ್ನೂ ಅವಳ ಮುಂದೆ ಒಪ್ಪಿಕೊಂಡೆ. ಅಂಕಲ್ ಬೇಡಿದ್ದು ಇದು, ನಾನು ಬೇಡಿದ್ದು ಇದು, ನಿನಗೆ ಗೊತ್ತಿಲ್ಲದೆ ಆಮೆನ್ ಹೇಳಿಸಿದೆ, ಕ್ಷಮಿಸು ಎಂದೆ.

"ಗೊತ್ತಿತ್ತು," ಅಂದಳು.

"ಹೇಗೆ?"

"ಪ್ರಾರ್ಥನೆಯಲ್ಲಿ ನಾನು ಕಣ್ಣು ಮುಚ್ಚಲ್ಲ. ನಮ್ಮಲ್ಲಿ ಯಾರಾದರೂ ಒಬ್ಬರು ಬಾಗಿಲ ಕಡೆ ನೋಡ್ತಿರಬೇಕು, ಆ ಕೆಲಸ ನನ್ನದಾಗಿತ್ತು. ಈ ಅಂಕಲ್ ನನ್ನ ಗಂಡನ ಹೆಸರು ಹೇಳಿದಾಗೆಲ್ಲ ನೀನು ಮುಖ ಸಿಂಡರಿಸುತ್ತಿದ್ದೆ. ಇವರು ಏನು ಕೇಳ್ತಿದ್ದಾರೆ, ನೀನು ಏನು ಕೇಳ್ತಿದ್ದೀ ಅಂತ ಆಗಲೇ ತಿಳೀತು. ಇವರದಕ್ಕೆ ನಾನು ಬರೀ ತುಟಿ ಅಲ್ಲಾಡಿಸ್ತಿದ್ದೆ. ಆಮೆನ್ ಅಂದದ್ದು ನಿನ್ನದಕ್ಕೆ."

ಅವಳು ಮುಂದುವರಿಸಿದಳು.

"ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಅವನು ಗಟ್ಟಿಯಾಗಿ ನಿಲ್ಲಲಿ ಅಂತಲೇ ಪ್ರಾರ್ಥನೆ. ಎಲ್ಲರೂ ನನ್ನನ್ನ ಹೆಮ್ಮೆಯಿಂದ ನೋಡ್ತಿದ್ದರು. ಅವನು ಮನೆಗೆ ಬಂದರೆ ಸಾಕು ಅಂತ ಅಲ್ಲಿ ಹೇಗೆ ಕೇಳಲಿ? ಅರ್ಥವಾಗದ ಭಾಷೆಯಲ್ಲಿ ಬೇರೆಯವರು ಕೇಳಿದರೆ ಪಾಪ ನನಗೆ ಬರೋದಿಲ್ಲ ಅಂದುಕೊಂಡೆ. ಈಗ ಅಲ್ಲಿ ಎಲ್ಲರೂ ನನಗಾಗಿ ಅಳ್ತಿದ್ದಾರೆ. ಅವನೂ ಫೋನಿನಲ್ಲಿ ದಿನಾ ಅಳ್ತಾನೆ. ನನಗೆ ಮಾತ್ರ ಸಂತೋಷವಾಗಿದೆ. ತುಂಬಾ ಸಂತೋಷವಾಗಿದೆ. ಇದನ್ನ ಯಾರ ಹತ್ತಿರ ಹೇಳಲಿ?"

ಅಂಕಲ್ ಏನಾದರೂ ಅಂದರೆ ಬಿಡಬಾರದು ಎಂದು ನಾನು ಜಗಳಕ್ಕೆ ಸಿದ್ಧಳಾದೆ. ತಿಂಗಳುಗಟ್ಟಲೆ ಇದೊಂದು ಆಗದಿರಲಿ ಎಂದೇ ಬೇಡಿದವರು ಅವರು. ಅವರು ಕುರ್ಚಿಯ ತೋಳು ಹಿಡಿದು ಕೆಳಗಿಳಿದರು, ಬಾತ ಮೊಣಕಾಲನ್ನು ನೆಲಕ್ಕೂರಿದರು. ಒಡೆಯನೇ, ಇವಳ ಗಂಡನನ್ನು ಮನೆಗೆ ಕಳಿಸಿಕೊಟ್ಟಿದ್ದೀ, ನಿನಗೆ ಸ್ತೋತ್ರ ಎಂದರು. ಒಂದೊಂದು ಮಾತೂ ಅವಳಿಗೆ ತಿಳಿಯಲೆಂದು ಸ್ವೀಡಿಷ್‌ನಲ್ಲೇ ಹೇಳಿದರು. ಅವಳು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ.